ಯಾವುದು ಕ್ರಿಸ್‌ಮಸ್ ಸಿನಿಮಾ?

ಕ್ರಿಸ್‌ಮಸ್ ಸಿನಿಮಾಕ್ಕೆ ಎಲ್ಲರೂ ಒಪ್ಪಿದ ಲಕ್ಷಣ ಎಂಬುದಿಲ್ಲ. ಕೌಬಾಯ್ ಚಿತ್ರವನ್ನೋ ಪತ್ತೇದಾರಿ ಚಿತ್ರವನ್ನೋ ಐದು ನಿಮಿಷ ನೋಡಿದರೆ ಅದು ಯಾವ ಜಾತಿಯದೆಂದು ಹೇಳಿಬಿಡಬಹುದು. ಕ್ರಿಸ್‌ಮಸ್ ಸಿನಿಮಾ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಅದು ಪ್ರೇಮಕತೆಯಾಗಿರಬಹುದು, ದೆವ್ವದ ಕತೆಯಾಗಿರಬಹುದು, ಮಕ್ಕಳ ಕತೆಯಾಗಿರಬಹುದು, ಗುಂಡು ಹಾರಿಸುವ ಪೊಲೀಸನ ಕತೆಯೂ ಆಗಿರಬಹುದು. ಹೀಗಾಗಿ ಡಿಸೆಂಬರ್ ಬಂತೆಂದರೆ ಅಮೆರಿಕ ಮತ್ತು ಬ್ರಿಟನ್ನಿನ ಮನೆಗಳಲ್ಲಿ, ಪತ್ರಿಕೆಗಳಲ್ಲಿ ಒಂದೇ ಚರ್ಚೆ ಮತ್ತೆ ಮತ್ತೆ ತಲೆ ಎತ್ತುತ್ತದೆ: ಇಂಥ ಚಿತ್ರ ಈ ಪಟ್ಟಿಗೆ ಸೇರುತ್ತದೆಯೇ, ಇಲ್ಲವೇ? ಸೇರುತ್ತದೆ ಎನ್ನುವವರು ಕತೆ ನಡೆಯುವ ದಿನವನ್ನು ತೋರಿಸುತ್ತಾರೆ. ಇಲ್ಲ ಎನ್ನುವವರು ಕತೆಯ ಆಶಯವನ್ನು ಕೇಳುತ್ತಾರೆ. ಮೂರನೆಯವರು ಚಿತ್ರ ಯಾವಾಗ ತೆರೆಗೆ ಬಂತು ಎನ್ನುತ್ತಾರೆ. ಹಬ್ಬಕ್ಕೆ ಮನೆಯವರೆಲ್ಲ ಕೂತು ನೋಡುವುದೇ ಕ್ರಿಸ್‌ಮಸ್ ಸಿನಿಮಾ ಎನ್ನುವವರೂ ಇದ್ದಾರೆ. ಈ ಅಳತೆಗೋಲುಗಳು ಒಂದಕ್ಕೊಂದು ಹೊಂದದ ಕಡೆಯೇ ಜಗಳ ಹುಟ್ಟುವುದು.

ಮೊದಲಿಗೆ ಒಂದು ವಿಚಿತ್ರವನ್ನು ಗಮನಿಸಬೇಕು. ಯೇಸುವಿನ ಜನನದ ಕತೆ ಹೇಳುವ ಚಿತ್ರಗಳನ್ನು ಈ ಚರ್ಚೆಯಲ್ಲಿ ಯಾರೂ ಹೆಚ್ಚಾಗಿ ಎತ್ತುವುದಿಲ್ಲ. 1959ರ 'ಬೆನ್ ಹರ್' ಶುರುವಾಗುವುದೇ ಬೆತ್ಲೆಹೇಮಿನಲ್ಲಿ: ಜನಗಣತಿಗೆ ಬಂದ ಜೋಸೆಫ್ ಮತ್ತು ಮೇರಿ, ಆಕಾಶದ ನಕ್ಷತ್ರ, ಕೊಟ್ಟಿಗೆಯ ಕಂದ, ಕಾಣಿಕೆ ಹೊತ್ತು ಬಂದ ಜ್ಞಾನಿಗಳು. ಆದರೂ ಅದನ್ನು ಕ್ರಿಸ್‌ಮಸ್ ಸಿನಿಮಾ ಎನ್ನುವವರು ಕಡಿಮೆ. ಅದು ಬೈಬಲ್ ಕಾಲದ ಮಹಾಚಿತ್ರ. 2006ರ 'ದ ನೇಟಿವಿಟಿ ಸ್ಟೋರಿ' ವ್ಯಾಟಿಕನ್ನಿನಲ್ಲೇ ಮೊದಲ ಪ್ರದರ್ಶನ ಕಂಡಿತು. ಆದರೂ ಜನರ ನೆಚ್ಚಿನ ಕ್ರಿಸ್‌ಮಸ್ ಚಿತ್ರಗಳ ಸಾಲಿನಲ್ಲಿ ಅದರ ಹೆಸರು ಅಪರೂಪ. ಇಲ್ಲಿ ಕ್ರಿಸ್‌ಮಸ್ ಎಂದರೆ ಸುವಾರ್ತೆಯ ಪ್ರಸಂಗವಲ್ಲ, ಮನೆಯಲ್ಲಿ ಆಚರಿಸುವ ಹಬ್ಬ. ಆ ಹಬ್ಬಕ್ಕೆ ಕತೆಯ ರೂಪ ಕೊಟ್ಟವರು ಚಾರ್ಲ್ಸ್ ಡಿಕನ್ಸ್.

ಡಿಕನ್ಸರ 'ಎ ಕ್ರಿಸ್‌ಮಸ್ ಕ್ಯಾರೋಲ್' 1843ರ ಡಿಸೆಂಬರ್ 19ರಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಅಚ್ಚಾದ 6,000 ಪ್ರತಿಗಳೂ ಹಬ್ಬದ ಮುನ್ನಾದಿನಕ್ಕೆ ಖರ್ಚಾದವು. ಕೈಬಿಗಿ ಹಿಡಿದ ಮುದುಕ ಸ್ಕ್ರೂಜ್, ಅವನನ್ನು ಕಾಡಲು ಬರುವ ಸತ್ತ ಪಾಲುದಾರ ಮಾರ್ಲಿಯ ಪ್ರೇತ, ಒಂದೇ ರಾತ್ರಿಯಲ್ಲಿ ಅವನ ಹಿಂದು-ಇಂದು-ಮುಂದನ್ನು ತೋರಿಸುವ ಮೂರು ಭೂತಗಳು, ಬೆಳಗಾಗುವ ಹೊತ್ತಿಗೆ ಮನಸ್ಸು ಬದಲಾಗಿ ಅಣ್ಣತಮ್ಮಂದಿರಿಲ್ಲದ ಆ ಒಂಟಿ ಜೀವ ತನ್ನ ಸೋದರಳಿಯನ ಮನೆಯ ಊಟದ ಮೇಜಿಗೆ ಹೋಗಿ ಕೂರುವುದು. ಕ್ರಿಸ್ತನ ಪ್ರಸ್ತಾಪ ಇದರಲ್ಲಿ ತೀರ ತೆಳು. ಆದರೆ ಮುಂದೆ ಬಂದ ನೂರಾರು ಚಿತ್ರಗಳ ಹಂದರ ಇಲ್ಲಿ ಆಗಲೇ ಸಿದ್ಧವಾಗಿದೆ: ಬಾಗಿಲ ಹೊರಗೆ ನಿಂತ ಒಬ್ಬ ಮನುಷ್ಯ, ಎದುರಿಗೆ ಒಂದು ಗಡುವು, ಆ ಗಡುವಿನೊಳಗೆ ಅವನು ಒಳಗೆ ಬರಬೇಕು.

ಚಲನಚಿತ್ರ ಹುಟ್ಟಿದ ಮೂರ್ನಾಲ್ಕು ವರ್ಷಗಳಲ್ಲೇ ಕ್ರಿಸ್‌ಮಸ್ ತೆರೆಗೆ ಬಂತು. ಬ್ರಿಟನ್ನಿನ ಜಾರ್ಜ್ ಆಲ್ಬರ್ಟ್ ಸ್ಮಿತ್ 1898ರಲ್ಲಿ ತೆಗೆದ 'ಸಾಂಟಾ ಕ್ಲಾಸ್' ಸುಮಾರು ಒಂದು ನಿಮಿಷದ ಚಿತ್ರ. ಮಕ್ಕಳಿಬ್ಬರನ್ನು ಮಲಗಿಸಲಾಗುತ್ತದೆ. ಅವರು ನಿದ್ದೆ ಹೋಗಿರುವಾಗ ಅದೇ ಚೌಕಟ್ಟಿನ ಒಂದು ಮೂಲೆಯ ವೃತ್ತದಲ್ಲಿ ಮಾಳಿಗೆಯ ಮೇಲೆ ನಡೆಯುವ ಸಾಂಟಾ ಕಾಣಿಸಿಕೊಳ್ಳುತ್ತಾನೆ. ಒಂದೇ ಹೊತ್ತಿನಲ್ಲಿ ಎರಡು ಕಡೆ ನಡೆಯುವುದನ್ನು ತೋರಿಸಿದ ಆ ಕೈಚಳಕ ಅಂದಿಗೆ ಹೊಸದು. 1901ರಲ್ಲಿ ವಾಲ್ಟರ್ ಆರ್. ಬೂತ್ ಡಿಕನ್ಸರ ಕತೆಯನ್ನೇ ಚಿತ್ರ ಮಾಡಿದರು. ಬಾಗಿಲ ಬಡಿಗೊಂಡಿಯಲ್ಲಿ ಮಾರ್ಲಿಯ ಮುಖ ಮೂಡುವ ದೃಶ್ಯ ಅದರ ಆಕರ್ಷಣೆ. ಅಂದರೆ ಈ ಪ್ರಕಾರ ಶುರುವಿನಿಂದಲೇ ಎರಡು ಕವಲಾಗಿತ್ತು: ಒಂದು ಕಡೆ ಸಾಂಟಾ, ಇನ್ನೊಂದು ಕಡೆ ಪ್ರೇತ.

ಬಿಡುಗಡೆಯ ದಿನವನ್ನು ಅಳತೆಗೋಲು ಮಾಡಿಕೊಳ್ಳುವವರಿಗೆ ಹಾಲಿವುಡ್ಡಿನ 1940ರ ದಶಕವೇ ಉತ್ತರ ಕೊಡುತ್ತದೆ. ಇರ್ವಿಂಗ್ ಬರ್ಲಿನ್ ರಚಿಸಿದ 'ವೈಟ್ ಕ್ರಿಸ್‌ಮಸ್' ಹಾಡು ಮೊದಲು ತೆರೆಯ ಮೇಲೆ ಕೇಳಿದ್ದು 'ಹಾಲಿಡೇ ಇನ್' ಚಿತ್ರದಲ್ಲಿ. ಆ ಚಿತ್ರ ಬಂದದ್ದು 1942ರ ಆಗಸ್ಟ್‌ನಲ್ಲಿ. 'ಮಿರಾಕಲ್ ಆನ್ 34ತ್ ಸ್ಟ್ರೀಟ್' 1947ರ ಬೇಸಿಗೆಯ ಚಿತ್ರ. ಬೇಸಿಗೆಯಲ್ಲಿ ಜನ ಹೆಚ್ಚು ಸಿನಿಮಾ ನೋಡುತ್ತಾರೆ ಎಂದು ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಮುಖ್ಯಸ್ಥ ಡ್ಯಾರಿಲ್ ಝಾನಕ್ ಪಟ್ಟು ಹಿಡಿದರು. ಇದು ಸಾಂಟಾನ ಕತೆ ಎಂಬುದನ್ನು ಜಾಹೀರಾತುಗಳಲ್ಲಿ ಮುಚ್ಚಿಡಲಾಯಿತು. ನ್ಯೂಯಾರ್ಕಿನ ಮೇಸೀಸ್ ಮಳಿಗೆಯಲ್ಲಿ ಸಾಂಟಾ ವೇಷಕ್ಕೆ ನೇಮಕವಾದ ಮುದುಕನೊಬ್ಬ ತಾನು ನಿಜವಾದ ಸಾಂಟಾ ಎನ್ನುತ್ತಾನೆ, ವಿಷಯ ಕೋರ್ಟಿಗೆ ಹೋಗುತ್ತದೆ. ಕೊನೆಗೆ ಅಂಚೆ ಇಲಾಖೆಯವರು ಸಾಂಟಾನ ಹೆಸರಿಗೆ ಬಂದ ಕಾಗದಗಳ ಮೂಟೆ ಮೂಟೆಗಳನ್ನು ತಂದು ನ್ಯಾಯಾಧೀಶರ ಮೇಜಿನ ಮೇಲೆ ಸುರಿಯುತ್ತಾರೆ. ಕಾಗದದ ಗುಡ್ಡೆಯ ಹಿಂದಿನಿಂದ ತಲೆ ಎತ್ತಿದ ನ್ಯಾಯಾಧೀಶರು, ಸರ್ಕಾರದ ಇಲಾಖೆಯೇ ಇವನನ್ನು ಸಾಂಟಾ ಎಂದು ಒಪ್ಪಿರುವಾಗ ನ್ಯಾಯಾಲಯ ಬೇರೆ ಮಾತಾಡಲಾಗದು ಎಂದು ತೀರ್ಪು ಕೊಡುತ್ತಾರೆ. ಆ ಮುದುಕನ ಪಾತ್ರಕ್ಕೆ ಎಡ್ಮಂಡ್ ಗ್ವೆನ್ ಪೋಷಕ ನಟ ಆಸ್ಕರ್ ಪಡೆದರು. ಇದು ಕ್ರಿಸ್‌ಮಸ್ ಸಿನಿಮಾ ಅಲ್ಲ ಎನ್ನುವವರು ಇಂದು ಯಾರೂ ಸಿಗಲಾರರು. ಬಿಡುಗಡೆಯ ತಾರೀಖು ವ್ಯಾಪಾರಿಗಳ ಲೆಕ್ಕಾಚಾರ. ಚಿತ್ರದ ಸ್ವಭಾವಕ್ಕೆ ಅದು ಸಾಕ್ಷಿಯಾಗದು.

ರೂಢಿ ಎಷ್ಟು ಬಲವಾದದ್ದು ಎಂಬುದಕ್ಕೆ ಫ್ರಾಂಕ್ ಕ್ಯಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್'ಗಿಂತ ದೊಡ್ಡ ನಿದರ್ಶನ ಇಲ್ಲ. ಈ ಚಿತ್ರದ ಮೂಲ ಫಿಲಿಪ್ ವಾನ್ ಡೋರೆನ್ ಸ್ಟರ್ನ್ ಬರೆದ ಒಂದು ಸಣ್ಣ ಕತೆ. ಪ್ರಕಾಶಕರು ಯಾರೂ ಒಪ್ಪದಿದ್ದಾಗ ಅವರು 1943ರಲ್ಲಿ ಅದರ 200 ಪ್ರತಿಗಳನ್ನು ತಾವೇ ಅಚ್ಚು ಹಾಕಿಸಿ ಸ್ನೇಹಿತರಿಗೆ ಹಬ್ಬದ ಶುಭಾಶಯವಾಗಿ ಕಳಿಸಿದ್ದರು. ಚಿತ್ರೀಕರಣ ನಡೆದದ್ದು 1946ರ ಬೇಸಿಗೆಯ ಬಿಸಿಲಲ್ಲಿ, ಕ್ಯಾಲಿಫೋರ್ನಿಯಾದ ಎನ್ಸಿನೊದಲ್ಲಿ. ಅಲ್ಲಿಯವರೆಗೆ ಹಾಲಿವುಡ್ಡಿನ ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಅದರ ಮೇಲೆ ಕಾಲಿಟ್ಟರೆ ಕರಕರ ಸದ್ದು, ಮಾತುಗಳನ್ನೆಲ್ಲ ಮತ್ತೆ ಧ್ವನಿಮುದ್ರಿಸಬೇಕಾಗುತ್ತಿತ್ತು. ಈ ಚಿತ್ರಕ್ಕಾಗಿ ಬೆಂಕಿ ನಂದಿಸುವ ನೊರೆಯ ಜತೆ ಸಾಬೂನು, ನೀರು ಬೆರೆಸಿ, ಫ್ಯಾನಿನ ಗಾಳಿಗೆ ಹಾರಿಸುವ ಸದ್ದಿಲ್ಲದ ಹಿಮವನ್ನು ಸಿದ್ಧ ಮಾಡಿದರು. ಚಿತ್ರಕ್ಕೆ ಸಿಕ್ಕ ಆಸ್ಕರ್ ಮನ್ನಣೆ ಆ ಹಿಮಕ್ಕೆ ದೊರೆತ ತಾಂತ್ರಿಕ ಪ್ರಶಸ್ತಿ ಒಂದೇ. ಐದು ವಿಭಾಗಗಳಲ್ಲಿ ನಾಮನಿರ್ದೇಶನವಾಗಿದ್ದರೂ ಒಂದರಲ್ಲೂ ಗೆಲ್ಲಲಿಲ್ಲ. ಗಲ್ಲಾಪೆಟ್ಟಿಗೆಯಲ್ಲೂ ನಷ್ಟ.

ಚಿತ್ರವನ್ನು ಉಳಿಸಿದ್ದು ಒಂದು ಕಚೇರಿ ಮರೆವು. ಅಂದಿನ ಅಮೆರಿಕದ ಕಾನೂನಿನಲ್ಲಿ ಹಕ್ಕುಸ್ವಾಮ್ಯವನ್ನು 28 ವರ್ಷಕ್ಕೆ ನವೀಕರಿಸಬೇಕಿತ್ತು. 1974ರಲ್ಲಿ ಅದನ್ನು ಯಾರೂ ಮಾಡಲಿಲ್ಲ. ದುಡ್ಡು ಕೊಡದೆ ಪ್ರಸಾರ ಮಾಡಬಹುದಾದ, ಹಬ್ಬದ ದೃಶ್ಯಗಳಿರುವ ಚಿತ್ರವೊಂದು ಸಿಕ್ಕಿತೆಂದು ಊರೂರಿನ ಟಿ.ವಿ. ಕೇಂದ್ರಗಳು ಪ್ರತಿ ಡಿಸೆಂಬರ್‌ನಲ್ಲಿ ಅದನ್ನು ಹಾಕತೊಡಗಿದವು. ಮಕ್ಕಳು ನೋಡಿದರು, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ತೋರಿಸಿದರು. 1993ರಲ್ಲಿ ರಿಪಬ್ಲಿಕ್ ಪಿಕ್ಚರ್ಸ್ ಸಂಸ್ಥೆ ಮೂಲಕತೆಯ ಮೇಲಿನ ಹಕ್ಕಿನ ಬಲದಿಂದ ಚಿತ್ರವನ್ನು ಮರಳಿ ತನ್ನ ಹಿಡಿತಕ್ಕೆ ತಂದಿತು. ಮರುವರ್ಷದಿಂದ ಎನ್‌ಬಿಸಿ ವಾಹಿನಿಯ ಪಾಲಾಯಿತು. ಅಷ್ಟರಲ್ಲಿ ಅದು ಅಮೆರಿಕದ ಅತ್ಯಂತ ಪ್ರೀತಿಯ ಕ್ರಿಸ್‌ಮಸ್ ಚಿತ್ರಗಳಲ್ಲಿ ಒಂದಾಗಿಬಿಟ್ಟಿತ್ತು. ಕತೆಯನ್ನು ನೋಡಿದರೆ ಅದರ ಬಹುಭಾಗ ಕ್ರಿಸ್‌ಮಸ್ ದಿನಗಳಲ್ಲಿ ನಡೆಯುವುದೇ ಇಲ್ಲ. 1919ರಿಂದ ಹಿಡಿದು ಇಡೀ ಒಂದು ಬದುಕು ಅದರಲ್ಲಿದೆ: ಊರು ಬಿಟ್ಟು ಲೋಕ ಸುತ್ತಬೇಕೆಂದಿದ್ದ ಜಾರ್ಜ್ ಬೇಲಿ, ಅಪ್ಪನ ಸಣ್ಣ ಸಾಲದ ಸಂಸ್ಥೆಯನ್ನು ಉಳಿಸಲು ಊರಲ್ಲೇ ಉಳಿದು, ಕೊನೆಗೆ ಚಿಕ್ಕಪ್ಪ ಕಳೆದುಹಾಕಿದ 8,000 ಡಾಲರಿನಿಂದ ಸೇತುವೆಯ ಮೇಲೆ ಸಾಯಲು ಹೋಗಿ ನಿಲ್ಲುತ್ತಾನೆ. ಹಬ್ಬ ಬರುವುದು ಆರಂಭದ ಪ್ರಾರ್ಥನೆಗಳಲ್ಲಿ ಮತ್ತು ಕೊನೆಯ ಭಾಗದಲ್ಲಿ. ತೆರೆಯ ಮೇಲಿನ ನಿಮಿಷಗಳನ್ನು ಎಣಿಸಿ ತೀರ್ಮಾನಿಸುವವರು ಈ ಚಿತ್ರವನ್ನೇ ಹೊರಗಿಡಬೇಕಾಗುತ್ತದೆ. ಹಾಗೆ ಮಾಡುವ ಅಳತೆಗೋಲು ಯಾರಿಗೂ ಬೇಡ.

ಕತೆಯೊಳಗಿನ ಪರೀಕ್ಷೆಗಳಲ್ಲಿ ಗಟ್ಟಿಯಾದದ್ದು ಇನ್ನೊಂದಿದೆ: ಕತೆಯಿಂದ ಕ್ರಿಸ್‌ಮಸ್ ತೆಗೆದುಬಿಟ್ಟರೆ ಏನು ಉಳಿಯುತ್ತದೆ? 1990ರ 'ಹೋಮ್ ಅಲೋನ್' ಚಿತ್ರಕ್ಕೆ ಇದನ್ನು ಹಚ್ಚಿ ನೋಡಬಹುದು. ಹಬ್ಬದ ರಜೆಗೆ ಹತ್ತಾರು ಮಂದಿಯ ಕುಟುಂಬ ಪ್ಯಾರಿಸ್ಸಿಗೆ ಹೊರಡುವ ಗದ್ದಲದಲ್ಲಿ ಎಂಟು ವರ್ಷದ ಕೆವಿನ್ ಮನೆಯಲ್ಲೇ ಉಳಿಯುತ್ತಾನೆ. ಹಬ್ಬವಾದ್ದರಿಂದ ಅಕ್ಕಪಕ್ಕದ ಮನೆಗಳೂ ಖಾಲಿ, ಕಳ್ಳರಿಗೆ ಅನುಕೂಲ. ಹಬ್ಬವಾದ್ದರಿಂದ ತಾಯಿಗೆ ವಿಮಾನದ ಸೀಟು ಸಿಗುವುದಿಲ್ಲ. ಹಬ್ಬದ ರಾತ್ರಿ ಚರ್ಚಿನ ಬೆಂಚಿನಲ್ಲಿ ಕೆವಿನ್ ತಾನು ಹೆದರುತ್ತಿದ್ದ ನೆರೆಮನೆಯ ಮುದುಕನ ಪಕ್ಕ ಕೂತು ಮಾತಾಡುತ್ತಾನೆ. ಮಗನೊಡನೆ ಮಾತು ಬಿಟ್ಟ ಆ ಮುದುಕ ಮೊಮ್ಮಗಳ ಹಾಡು ಕೇಳಲು ಬಂದಿರುತ್ತಾನೆ. ಅವನ ಹೆಸರು ಮಾರ್ಲಿ. ಡಿಕನ್ಸರ ಪ್ರೇತದ ಹೆಸರು! ಕೊನೆಯಲ್ಲಿ ಕೆವಿನ್ ಕಿಟಕಿಯಿಂದ ನೋಡುವಾಗ ಮಾರ್ಲಿ ಮಗನ ಸಂಸಾರವನ್ನು ಅಪ್ಪಿಕೊಂಡಿರುತ್ತಾನೆ. ಹಬ್ಬವನ್ನು ತೆಗೆದರೆ ಈ ಕತೆಯ ಗಂಟುಗಳೆಲ್ಲ ಬಿಚ್ಚಿಹೋಗುತ್ತವೆ. ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಸತತ 12 ವಾರ ಮೊದಲ ಸ್ಥಾನದಲ್ಲಿದ್ದ ಈ ಚಿತ್ರವನ್ನು ಜನ ಕಳ್ಳರು ಜಾರಿ ಬೀಳುವ ತಮಾಷೆಗಾಗಿ ನೆನೆಯುತ್ತಾರೆ. ಆದರೆ ಅದನ್ನು ವರ್ಷ ವರ್ಷ ಮತ್ತೆ ನೋಡಿಸುವುದು ಆ ಚರ್ಚಿನ ಬೆಂಚು.

ಇದೇ ಪರೀಕ್ಷೆಯಲ್ಲಿ 1987ರ 'ಲೀಥಲ್ ವೆಪನ್' ಸೋಲುತ್ತದೆ. ಹಬ್ಬದ ಹಾಡಿನಿಂದ ಶುರುವಾಗಿ ಹಬ್ಬದ ಊಟದ ಮನೆಬಾಗಿಲಲ್ಲಿ ಮುಗಿದರೂ, ನಡುವಿನ ಮಾದಕವಸ್ತು ಜಾಲದ ಕತೆಯನ್ನು ಯಾವ ತಿಂಗಳಿಗೆ ಬೇಕಾದರೂ ಸಾಗಿಸಬಹುದು. ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ಕೊನೆಯ ಚಿತ್ರ 'ಐಸ್ ವೈಡ್ ಶಟ್' (1999) ಇನ್ನೂ ತೊಡಕಿನದು. ಅದರ ಮೂಲ ಆರ್ಥರ್ ಶ್ನಿಟ್ಸ್‌ಲರ್ ಅವರ ವಿಯೆನ್ನಾ ಕಾದಂಬರಿ ನಡೆಯುವುದು ಕಾರ್ನಿವಲ್ ಹಬ್ಬದ ದಿನಗಳಲ್ಲಿ. ಕ್ಯೂಬ್ರಿಕ್ ಬೇಕೆಂದೇ ಅದನ್ನು ನ್ಯೂಯಾರ್ಕಿನ ಕ್ರಿಸ್‌ಮಸ್‌ಗೆ ತಂದರು. ಬಹುತೇಕ ದೃಶ್ಯಗಳಲ್ಲಿ ಬಣ್ಣದ ದೀಪ ಹೊತ್ತ ಮರಗಳಿವೆ, ಮುರಿಯುವ ಹಂತಕ್ಕೆ ಬಂದ ದಾಂಪತ್ಯದ ಕೊನೆಯ ಮಾತು ನಡೆಯುವುದು ಮಗಳು ಉಡುಗೊರೆ ಆರಿಸುತ್ತಿರುವ ಆಟಿಕೆ ಅಂಗಡಿಯಲ್ಲಿ. ಕತೆ, ಕಾಲ, ಆಶಯ ಎಲ್ಲವೂ ಹೊಂದುತ್ತವೆ. ಆದರೆ ಅಜ್ಜಿ-ಮೊಮ್ಮಕ್ಕಳು ಕೂತ ಕೋಣೆಯಲ್ಲಿ ಹಾಕುವ ಚಿತ್ರ ಅದಲ್ಲ. ಕ್ರಿಸ್‌ಮಸ್ ಕುರಿತ ಚಿತ್ರ ಎನ್ನಬಹುದು. ಕ್ರಿಸ್‌ಮಸ್ ಸಿನಿಮಾ ಎನ್ನುವುದು ಕಷ್ಟ.

ಇಡೀ ವಿವಾದದ ನಡುಗಂಬ 'ಡೈ ಹಾರ್ಡ್'. ಜಾನ್ ಮೆಕ್‌ಟಿಯರ್ನನ್ ನಿರ್ದೇಶನದ ಈ ಚಿತ್ರ ತೆರೆಕಂಡದ್ದು 1988ರ ಜುಲೈನಲ್ಲಿ. ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಜಾನ್ ಮೆಕ್ಲೇನ್, ಕೆಲಸಕ್ಕಾಗಿ ಮಕ್ಕಳನ್ನು ಕರೆದುಕೊಂಡು ಲಾಸ್ ಏಂಜಲೀಸ್‌ಗೆ ಹೋದ ಹೆಂಡತಿ ಹಾಲಿಯನ್ನು ನೋಡಲು ಕ್ರಿಸ್‌ಮಸ್ ಮುನ್ನಾದಿನ ದೊಡ್ಡ ಗೊಂಬೆ ಕರಡಿಯೊಂದನ್ನು ಹೊತ್ತು ಬರುತ್ತಾನೆ. ಆಕೆಯ ಕಂಪನಿಯ ಹಬ್ಬದ ಪಾರ್ಟಿಗೆ ನುಗ್ಗಿದ ಹಾನ್ಸ್ ಗ್ರೂಬರ್‌ನ ತಂಡ ಎಲ್ಲರನ್ನೂ ಒತ್ತೆ ಇಟ್ಟುಕೊಂಡು ತಿಜೋರಿಯಲ್ಲಿರುವ 64 ಕೋಟಿ ಡಾಲರಿನ ಬಾಂಡ್‌ಗಳಿಗೆ ಕೈ ಹಾಕುತ್ತದೆ. ಬರಿಗಾಲಿನ ಮೆಕ್ಲೇನ್ ಒಬ್ಬನೇ ಹೊರಗುಳಿದು ಹೋರಾಡುತ್ತಾನೆ. ಮೆಕ್ಲೇನ್ ಪಾತ್ರ ಮಾಡಿದ ಬ್ರೂಸ್ ವಿಲ್ಲಿಸ್ 2018ರ ಜುಲೈನಲ್ಲಿ ಒಂದು ಟಿ.ವಿ. ಕಾರ್ಯಕ್ರಮದಲ್ಲಿ ಇದು ಕ್ರಿಸ್‌ಮಸ್ ಸಿನಿಮಾ ಅಲ್ಲವೇ ಅಲ್ಲ ಎಂದು ಘೋಷಿಸಿದರು. ಚಿತ್ರಕತೆ ಬರೆದವರಲ್ಲಿ ಒಬ್ಬರಾದ ಸ್ಟೀವನ್ ಡಿ ಸೋಜಾ ಅದಕ್ಕೂ ಹಿಂದಿನ ವರ್ಷವೇ ಹೌದು ಎಂದು ಟ್ವಿಟರ್‌ನಲ್ಲಿ ಬರೆದಿದ್ದರು. 2020ರಲ್ಲಿ ನಿರ್ದೇಶಕರು ಕೊಟ್ಟ ವಿವರಣೆ ಹೆಚ್ಚು ಅರ್ಥಪೂರ್ಣ: ತಾವು ಕ್ರಿಸ್‌ಮಸ್ ಚಿತ್ರ ಮಾಡಬೇಕೆಂದು ಹೊರಟವರಲ್ಲ, ಅದರಿಂದ ಹೊಮ್ಮಿದ ಸಂತೋಷವೇ ಅದನ್ನು ಹಾಗೆ ಮಾಡಿತು ಎಂದರು. ದುಡ್ಡಿನ ದರ್ಪ ಊರನ್ನು ಹಾಳುಗೆಡವುವುದನ್ನು ತೋರಿಸುವ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಚಿತ್ರದ ಭಾಗವನ್ನೂ ಅವರು ಅದೇ ಮಾತಿನಲ್ಲಿ ನೆನೆದರು.

ಚಿತ್ರದಲ್ಲಿ ಹಬ್ಬ ಬರೀ ಹಿನ್ನೆಲೆಯ ಅಲಂಕಾರವಲ್ಲ. ಗ್ರೂಬರ್ ಆ ರಾತ್ರಿಯನ್ನೇ ಆರಿಸಿದ್ದು ಬೃಹತ್ ಕಟ್ಟಡದಲ್ಲಿ ಒಂದು ಮಹಡಿಯ ಪಾರ್ಟಿ ಬಿಟ್ಟರೆ ಬೇರೆ ಜನ ಇರುವುದಿಲ್ಲ ಎಂದು. ಸತ್ತ ದರೋಡೆಕೋರನ ತಲೆಗೆ ಸಾಂಟಾ ಟೋಪಿ ಹಾಕಿ, ಅವನ ಬೂದು ಅಂಗಿಯ ಮೇಲೆ ಕೆಂಪು ಅಕ್ಷರದಲ್ಲಿ ಸಾಂಟಾನ ನಗುವನ್ನು ಬರೆದು ಲಿಫ್ಟಿನಲ್ಲಿ ಕಳಿಸುವುದು ಮೆಕ್ಲೇನ್ ಹಾನ್ಸ್‌ಗೆ ಮುಟ್ಟಿಸುವ ಮೊದಲ ಸಂದೇಶ. ಕೊನೆಯ ಮುಖಾಮುಖಿಗೆ ಹೊರಟಾಗ ಅವನ ಬಳಿ ಉಳಿದಿರುವುದು ಎರಡೇ ಗುಂಡು. ಕಣ್ಣಿಗೆ ಬಿದ್ದದ್ದು ಉಡುಗೊರೆ ಪೊಟ್ಟಣಕ್ಕೆ ಸುತ್ತುವ, ಹಬ್ಬದ ಶುಭಾಶಯ ಅಚ್ಚಾದ ಅಂಟುಪಟ್ಟಿ. ಅದರಿಂದಲೇ ಪಿಸ್ತೂಲನ್ನು ಬೆನ್ನಿಗೆ ಅಂಟಿಸಿಕೊಂಡು ಕೈ ಎತ್ತಿ ಬರುತ್ತಾನೆ. ಹಿಮವೇ ಬೀಳದ ಲಾಸ್ ಏಂಜಲೀಸ್‌ನ ಆಕಾಶದಿಂದ ಕೊನೆಗೆ ಬೀಳುವುದು ಸಿಡಿದ ಕಟ್ಟಡದ ಕಾಗದದ ಚೂರುಗಳು, ಹಿನ್ನೆಲೆಗೆ ಹಿಮದ ಹಾಡು.

ಇಷ್ಟಕ್ಕಿಂತ ಬಲವಾದ ಸಾಕ್ಷ್ಯ ಮೂಲ ಕಾದಂಬರಿಯಲ್ಲಿದೆ. ರಾಡರಿಕ್ ಥಾರ್ಪ್ 1979ರಲ್ಲಿ ಬರೆದ 'ನಥಿಂಗ್ ಲಾಸ್ಟ್ಸ್ ಫಾರೆವರ್' ಕೂಡ ಕ್ರಿಸ್‌ಮಸ್ ಮುನ್ನಾದಿನವೇ ನಡೆಯುತ್ತದೆ. ಅಲ್ಲಿ ಬರುವವನು ವಯಸ್ಸಾದ ತಂದೆ, ನೋಡಲು ಬರುವುದು ಮಗಳನ್ನು, ಮತ್ತು ಆ ಮಗಳು ಬದುಕಿ ಉಳಿಯುವುದಿಲ್ಲ. ಚಿತ್ರಕತೆಗಾರರು ಮಗಳ ಜಾಗಕ್ಕೆ ಮುನಿಸಿಕೊಂಡ ಹೆಂಡತಿಯನ್ನು ತಂದರು, ಆಕೆಯನ್ನು ಉಳಿಸಿದರು, ಗಂಡ-ಹೆಂಡತಿ ಒಂದೇ ಕಾರು ಹತ್ತಿ ಮಕ್ಕಳಿರುವ ಮನೆಗೆ ಹೊರಡುವಂತೆ ಮಾಡಿದರು. ಹಬ್ಬದ ದಿನ ಎರಡರಲ್ಲೂ ಇದೆ. ಹಬ್ಬದ ಹಂದರ, ಅಂದರೆ ಹೊರಗುಳಿದವನು ಮನೆ ಸೇರುವ ಕತೆ, ಇರುವುದು ಸಿನಿಮಾದಲ್ಲಿ ಮಾತ್ರ. 'ಡೈ ಹಾರ್ಡ್' ಕ್ರಿಸ್‌ಮಸ್ ಸಿನಿಮಾ ಹೌದು, ನಾಯಕನಟನೇ ಅಲ್ಲವೆಂದರೂ.

ರಕ್ತ, ಭಯ ಇರುವ ಚಿತ್ರ ಹಬ್ಬಕ್ಕೆ ಸಲ್ಲದು ಎಂಬ ಆಕ್ಷೇಪಣೆ ಹಳೆಯದು. ಚಳಿಗಾಲದ ದೀರ್ಘ ರಾತ್ರಿಯಲ್ಲಿ ಬೆಂಕಿಯ ಸುತ್ತ ಕೂತು ದೆವ್ವದ ಕತೆ ಹೇಳುವುದು ಇಂಗ್ಲೆಂಡಿನ ಕ್ರಿಸ್‌ಮಸ್ ಪದ್ಧತಿಯೇ ಆಗಿತ್ತೆಂಬುದನ್ನು ಆಕ್ಷೇಪಿಸುವವರು ಮರೆಯುತ್ತಾರೆ. ಬಿಬಿಸಿ 1971ರಿಂದ ಅದನ್ನು ಟಿ.ವಿ.ಗೂ ತಂದಿತು. 1984ರ ಜೂನ್‌ನಲ್ಲಿ ಬಂದ 'ಗ್ರೆಮ್ಲಿನ್ಸ್' ಆ ದಾರಿಯದು. ಕೆನಡಾದಲ್ಲಿ 1974ರಲ್ಲಿ 'ಬ್ಲ್ಯಾಕ್ ಕ್ರಿಸ್‌ಮಸ್' ಎಂಬ ಕೊಲೆಗಡುಕನ ಚಿತ್ರ ಮಾಡಿದ ಬಾಬ್ ಕ್ಲಾರ್ಕ್ ಒಂಬತ್ತು ವರ್ಷದ ನಂತರ 'ಎ ಕ್ರಿಸ್‌ಮಸ್ ಸ್ಟೋರಿ' ಮಾಡಿದರು. ಆಟದ ಬಂದೂಕಿಗಾಗಿ ಹಂಬಲಿಸುವ ಹುಡುಗನ ಆ ಕತೆಯನ್ನು ಅಮೆರಿಕದ ಟಿ.ವಿ. 1997ರಿಂದ ಪ್ರತಿ ಹಬ್ಬಕ್ಕೂ 24 ಗಂಟೆ ಬಿಡದೆ ತೋರಿಸುತ್ತ ಬಂದಿದೆ. ಎರಡರ ನಿರ್ದೇಶಕರೂ ಒಬ್ಬರೇ.

ಅಮೆರಿಕ ಬಿಟ್ಟು ಹೊರಗೆ ಬಂದರೆ ಚರ್ಚೆಯ ಚಹರೆಯೇ ಬದಲಾಗುತ್ತದೆ. ಜರ್ಮನಿ, ಚೆಕ್ ಗಣರಾಜ್ಯ, ನಾರ್ವೆಗಳಲ್ಲಿ ಹಬ್ಬದ ಚಿತ್ರವೆಂದರೆ 1973ರ 'ಸಿಂಡ್ರೆಲಾಗೆ ಮೂರು ಹೇಝಲ್‌ನಟ್'. ಚೆಕೊಸ್ಲೊವಾಕಿಯಾ ಮತ್ತು ಪೂರ್ವ ಜರ್ಮನಿ ಸೇರಿ ತೆಗೆದ, ವಾಕ್ಲಾವ್ ವೊರ್ಲಿಚೆಕ್ ನಿರ್ದೇಶಿಸಿದ ಜನಪದ ಕತೆ ಅದು. ಅದರಲ್ಲಿ ಕ್ರಿಸ್‌ಮಸ್ ಇಲ್ಲ. ಹಿಮ ಇದೆ, ಡ್ರೆಸ್ಡೆನ್ ಬಳಿಯ ಮೊರಿಟ್ಸ್‌ಬರ್ಗ್ ಅರಮನೆಯಿದೆ, ಕುದುರೆ ಏರಿ ಬಿಲ್ಲು ಹೊಡೆಯುವ ದಿಟ್ಟ ಹುಡುಗಿಯಿದ್ದಾಳೆ. ನಾರ್ವೆಯವರು ಕ್ರಿಸ್‌ಮಸ್ ಮುನ್ನಾದಿನದ ಬೆಳಗ್ಗೆ ಅದನ್ನು ನೋಡುತ್ತಾರೆ; ರಾಜಕುಮಾರ, ಮಲತಾಯಿ, ಸಿಂಡ್ರೆಲಾ ಎಲ್ಲರ ಮಾತನ್ನೂ ಕ್ನುಟ್ ರಿಸಾನ್ ಎಂಬ ಒಬ್ಬರೇ ನಟ ನಾರ್ವೇಜಿಯನ್ನಿನಲ್ಲಿ ಹೇಳಿದ ಹಳೆಯ ಧ್ವನಿಯೇ ಅವರಿಗೆ ಬೇಕು. ಪೋಲೆಂಡಿನಲ್ಲಿ ಆ ಜಾಗ 'ಹೋಮ್ ಅಲೋನ್'ನದು. 2010ರಲ್ಲಿ ಪೋಲ್ಸಾಟ್ ವಾಹಿನಿ ಈ ಸಲ ಹಾಕುವುದಿಲ್ಲ ಎಂದಾಗ ವೀಕ್ಷಕರು ಪ್ರತಿಭಟಿಸಿದರು, ವಾಹಿನಿ ಮಣಿಯಿತು. ಇಟಲಿಯಲ್ಲಿ ಡಿಸೆಂಬರ್ 24ರ ರಾತ್ರಿ ಇಟಾಲಿಯಾ ಉನೋ ವಾಹಿನಿ ಹಾಕುವುದು 1983ರ ಅಮೆರಿಕನ್ ಹಾಸ್ಯಚಿತ್ರ 'ಟ್ರೇಡಿಂಗ್ ಪ್ಲೇಸಸ್'. ಎಲ್ಲ ಕಳೆದುಕೊಂಡ ಶ್ರೀಮಂತನೊಬ್ಬ ಕೊಳಕು ಸಾಂಟಾ ವೇಷದಲ್ಲಿ, ಕಂಪನಿಯ ಪಾರ್ಟಿಯಿಂದ ಕದ್ದು ಅಂಗಿಯೊಳಗೆ ಬಚ್ಚಿಟ್ಟುಕೊಂಡ ಮೀನನ್ನು ಬಸ್ಸಿನಲ್ಲಿ ಕೂತು ಗಡ್ಡದ ಎಳೆಗಳ ಸಮೇತ ಕಿತ್ತು ತಿನ್ನುವ ದೃಶ್ಯ ಇಟಲಿಯ ಮನೆಮನೆಗೂ ಪರಿಚಿತ. ಇಟಲಿಯ ಸ್ವಂತ ಹಬ್ಬದ ಹಾಸ್ಯಚಿತ್ರಗಳು ಬೇರೆಯೇ ಇವೆ. ಡಿಸೆಂಬರ್‌ನಲ್ಲಿ ತೆರೆಗೆ ಬಂದು, ಇಟಲಿಯ ಸಂಸಾರಗಳನ್ನು ಪರದೇಶಕ್ಕೆ ಪ್ರವಾಸ ಕಳಿಸುವ ಈ ಚಿತ್ರಗಳಲ್ಲಿ 2003ರದ್ದು 'ನಟಾಲೆ ಇನ್ ಇಂಡಿಯಾ', ಅಂದರೆ ಭಾರತದಲ್ಲಿ ಕ್ರಿಸ್‌ಮಸ್.

ಸೋವಿಯತ್ ಒಕ್ಕೂಟದಲ್ಲಿ ಕ್ರಿಸ್‌ಮಸ್ ಆಚರಣೆಯನ್ನೇ ಅಳಿಸಲಾಗಿತ್ತು. 1935ರಲ್ಲಿ ಅಲಂಕಾರದ ಮರ ಹೊಸ ವರ್ಷದ ಮರವಾಗಿ ಮರಳಿತು, ಅದರ ಜತೆಗೆ ಹಬ್ಬದ ಹಂಬಲವೂ ಡಿಸೆಂಬರ್ 31ಕ್ಕೆ ಸ್ಥಳಾಂತರವಾಯಿತು. ಎಲ್ದಾರ್ ರಿಯಾಜಾನೊವ್ ಅವರ 'ದಿ ಐರನಿ ಆಫ್ ಫೇಟ್' 1976ರ ಜನವರಿ 1ರಂದು ಟಿ.ವಿ.ಯಲ್ಲಿ ಮೊದಲು ಪ್ರಸಾರವಾಯಿತು. ಕುಡಿದ ಮತ್ತಿನಲ್ಲಿ ಮಾಸ್ಕೋದಿಂದ ಲೆನಿನ್‌ಗ್ರಾಡ್ ವಿಮಾನ ಹತ್ತಿಸಲ್ಪಟ್ಟ ಡಾಕ್ಟರನೊಬ್ಬ, ಅಲ್ಲೂ ಅದೇ ಹೆಸರಿನ ರಸ್ತೆ, ಅದೇ ನಮೂನೆಯ ಕಟ್ಟಡ ಕಂಡು, ತನ್ನದೇ ಬೀಗದಕೈಯಿಂದ ಬೇರೆಯವರ ಮನೆ ತೆರೆದು ಮಲಗಿಬಿಡುತ್ತಾನೆ. ಹೊರಗಿನವನು ಒಳಬರುವ ಅದೇ ಕತೆ, ಕ್ರಿಸ್‌ಮಸ್ ಹೆಸರಿಲ್ಲದೆ. ರಷ್ಯನ್ನರು ಅದನ್ನು ಇಂದಿಗೂ ವರ್ಷದ ಕೊನೆಯಲ್ಲಿ ನೋಡುತ್ತಾರೆ.

ಇದಕ್ಕೆ ತದ್ವಿರುದ್ಧ ಎನ್ನುವಂಥದ್ದು ಅಮೆರಿಕದ ಹಾಲ್‌ಮಾರ್ಕ್ ವಾಹಿನಿಯ ತಯಾರಿಕೆ. 2009ರಿಂದ ಅದು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಹೊಸ ಚಿತ್ರಗಳ ಸರಣಿ ಶುರುಮಾಡುತ್ತದೆ. ಬಹಳಷ್ಟು ಚಿತ್ರೀಕರಣ ನಡೆಯುವುದು ಕೆನಡಾದಲ್ಲಿ, ಹೆಚ್ಚಾಗಿ ಬೇಸಿಗೆಯಲ್ಲಿ, ದಪ್ಪ ಕೋಟು ತೊಟ್ಟ ನಟರು ಬೆವರುತ್ತ. ನಗರದ ಉದ್ಯೋಗಸ್ಥ ಹೆಣ್ಣುಮಗಳು ಹಬ್ಬಕ್ಕೆ ತನ್ನ ಪುಟ್ಟ ಊರಿಗೆ ಮರಳಿ ಪ್ರೀತಿ ಕಂಡುಕೊಳ್ಳುವುದು ಇವುಗಳ ಮಾಮೂಲು ಕತೆ. ಕಾಲ, ಆಶಯ, ಬಿಡುಗಡೆ ದಿನ, ನಿರ್ಮಾಪಕರ ಉದ್ದೇಶ, ಯಾವ ಪಟ್ಟಿ ಹಿಡಿದರೂ ಇವು ನೂರಕ್ಕೆ ನೂರು. ಒಂಟಿತನದ ಎಷ್ಟೋ ಸಂಜೆಗಳಿಗೆ ಇವು ಜತೆಯಾಗಿವೆ ಎಂಬುದನ್ನು ಕಡೆಗಣಿಸಬಾರದು. ಆದರೆ ಬಿಡಿಬಿಡಿಯಾಗಿ ಹೆಸರು ಹಿಡಿದು ಮುಂದಿನ ವರ್ಷವೂ ಹುಡುಕಿ ನೋಡುವಂಥವು ಇವುಗಳಲ್ಲಿ ವಿರಳ. ಉದ್ದೇಶವಿದ್ದ ಮಾತ್ರಕ್ಕೆ ಚಿತ್ರ ಹಬ್ಬದ ಭಾಗವಾಗುವುದಿಲ್ಲ. ಅದನ್ನು ಮಾಡುವುದು ಮನೆಯವರು, ಅದಕ್ಕೆ ಹತ್ತಿಪ್ಪತ್ತು ಡಿಸೆಂಬರ್ ಬೇಕು. ಕತೆಯ ಒಳಗಿನ ಹಂದರ ಚಿತ್ರವನ್ನು ಬಾಗಿಲವರೆಗೆ ತರುತ್ತದೆ, ಒಳಗೆ ಕರೆಯುವುದು ರೂಢಿ. ಎರಡಕ್ಕೂ ತಾಳೆಯಾಗದ ಕಡೆ ರೂಢಿಯ ಮಾತೇ ನಡೆಯುತ್ತದೆ: ಕ್ರಿಸ್‌ಮಸ್ ಇಲ್ಲದ ಸಿಂಡ್ರೆಲಾ ಒಳಗೆ, ಕ್ರಿಸ್‌ಮಸ್ ತುಂಬಿದ ಕ್ಯೂಬ್ರಿಕ್ ಹೊರಗೆ.

ಭಾರತದಲ್ಲಿ ಕ್ರಿಸ್‌ಮಸ್ ಮುಖ್ಯವಾಗಿ ಬಿಡುಗಡೆಯ ತಾರೀಖು. ಆಮಿರ್ ಖಾನ್ ಅವರ 'ಗಜಿನಿ', 'ತ್ರೀ ಈಡಿಯಟ್ಸ್' ಚಿತ್ರಗಳು ಡಿಸೆಂಬರ್ 25ಕ್ಕೇ ಬಂದವು. ಕನ್ನಡದಲ್ಲಿ ಯಶ್ ಅವರ 'ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ' 2014ರಲ್ಲಿ, ಸುದೀಪ್ ಅವರ 'ಮ್ಯಾಕ್ಸ್' 2024ರಲ್ಲಿ ಅದೇ ದಿನ ತೆರೆಕಂಡವು. ಕತೆಯಲ್ಲೇ ಹಬ್ಬ ಇರುವ ಚಿತ್ರಗಳು ಕಡಿಮೆ. ಮುಂಬಯಿಯ ಕ್ರಿಸ್‌ಮಸ್ ರಾತ್ರಿಯೊಂದರ ಸುತ್ತ ಹೆಣೆದ ಶ್ರೀರಾಮ್ ರಾಘವನ್ ಅವರ 'ಮೆರಿ ಕ್ರಿಸ್‌ಮಸ್' ಹಬ್ಬ ಕಳೆದ ಮೇಲೆ, 2024ರ ಜನವರಿಯಲ್ಲಿ ಬಂತು. 2018ರ ಡಿಸೆಂಬರ್ 21ಕ್ಕೆ ಬಂದ 'ಕೆಜಿಎಫ್' ಕನ್ನಡ ಚಿತ್ರರಂಗದ ಅತಿ ದೊಡ್ಡ ಕ್ರಿಸ್‌ಮಸ್ ವಾರದ ಬಿಡುಗಡೆಗಳಲ್ಲಿ ಒಂದು. ಆದರೆ ಅದರ ಕತೆ ಆ ಹಬ್ಬದ ಸುತ್ತ ಹೆಣೆದದ್ದಲ್ಲ. ನಿಜವಾದ ಕೋಲಾರ ಚಿನ್ನದ ಗಣಿ ಪ್ರದೇಶ ಮಾತ್ರ ಕ್ರಿಸ್‌ಮಸ್ ಅನ್ನು ಮೈತುಂಬ ಆಚರಿಸಿದ ಊರು. ಬ್ರಿಟಿಷ್ ಎಂಜಿನಿಯರುಗಳು, ಆಂಗ್ಲೋ ಇಂಡಿಯನ್ ಕುಟುಂಬಗಳು, ತಮಿಳು ಕ್ರೈಸ್ತ ಕಾರ್ಮಿಕರು ಕೂಡಿ ಬಾಳಿದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಲ್ಲಿಯ ಸಾವಿರಾರು ಜನ ಇಂದು ಕೆಲಸಕ್ಕಾಗಿ ದಿನಾ ರೈಲು ಹತ್ತಿ ಬೆಂಗಳೂರಿಗೆ ಬಂದು ಹೋಗುತ್ತಾರೆ. ಇತ್ತ ಮಂಗಳೂರು ಸೀಮೆಯಲ್ಲಿ ಡಿಸೆಂಬರ್ ಎಂದರೆ ಗಲ್ಫಿನಿಂದ, ಮುಂಬಯಿಯಿಂದ ಮಕ್ಕಳು ಮನೆಗೆ ಬರುವ ತಿಂಗಳು. ಅಂಗಳದಲ್ಲಿ ಗೋದಲಿ ಕಟ್ಟಿ, ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆಯನ್ನು ಅಕ್ಕಪಕ್ಕದ ಎಲ್ಲ ಜಾತಿ ಮತದವರ ಮನೆಗೂ ಕೊಟ್ಟು ಬರುವ ತಿಂಗಳು. ದೂರ ಹೋದವರು, ಮುನಿದವರು, ಬರಲಾಗದವರು, ಗಡುವಿನೊಳಗೆ ಮನೆ ಸೇರಬೇಕಾದವರು ಇಲ್ಲೂ ಇದ್ದಾರೆ. ಕನ್ನಡ, ಕೊಂಕಣಿ, ತುಳು ಚಿತ್ರಗಳನ್ನು ಮಾಡುವವರು ಡಿಸೆಂಬರ್ 25ರ ತಾರೀಖನ್ನು ಹಿಡಿದದ್ದಾಯಿತು. ಇನ್ನು ಆ ರಾತ್ರಿಯ ಕತೆಯನ್ನೂ ಕೈಗೆತ್ತಿಕೊಳ್ಳಲಿ.